ಸಸ್ಯದ ಒಳಗಣ ಕಾವಲು

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬಿಳಿಕೆರೆ ಒಂದು ಕವಲುದಾರಿಯ ಊರು. ನೇರಕ್ಕೆ ಹೋದರೆ ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಸೀಮೆ. ಬಲಕ್ಕೆ ತಿರುಗಿದರೆ ಕೃಷ್ಣರಾಜನಗರದ ಗದ್ದೆಬಯಲು. ಈ ಊರಿನ ಸಮೀಪದಲ್ಲಿ ನನ್ನ ಸೋದರಮಾವನವರಿಗೆ ಒಂದಿಷ್ಟು ಕೆಂಪುಮಣ್ಣಿನ ಹೊಲವಿದೆ. ಮೊದಲು ರಾಗಿ ಅವರೆ, ಅನಂತರ ಹೊಗೆಸೊಪ್ಪು ಬೆಳೆದ ಆ ನೆಲದಲ್ಲಿ ಕೆಲವು ವರ್ಷಗಳ ಹಿಂದೆ ಅವರು ಶುಂಠಿ ಹಾಕಿದರು. ಕೇರಳದ ಕಡೆಯಿಂದ ಬಂದ ಬೆಳೆಗಾರರು ಜಮೀನುಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆದುದನ್ನು ಕಂಡು ನಮ್ಮವರೂ ಅದಕ್ಕೆ ಕೈಹಾಕಿದ್ದು ಈ ತಾಲ್ಲೂಕುಗಳಲ್ಲೆಲ್ಲ ನಡೆದ ಸಂಗತಿ.

ಶ್ರಾವಣದ ಒಂದು ಬೆಳಿಗ್ಗೆ ಮಾವನವರು ನನ್ನನ್ನು ಹೊಲಕ್ಕೆ ಕರೆದೊಯ್ದರು. ಹಸಿರಾಗಿ ನಿಂತಿದ್ದ ಏರುಮಡಿಗಳ ನಡುವೆ ಏಳೆಂಟು ಬುಡಗಳ ಎಲೆಗಳು ಸುರುಳಿ ಸುತ್ತಿಕೊಂಡು ಹೊಂಬಣ್ಣಕ್ಕೆ ತಿರುಗಿದ್ದವು. ಬುಡದ ಮಣ್ಣಾದರೋ ಮುಷ್ಟಿಯಲ್ಲಿ ಹಿಡಿದರೆ ಅಂಟಿಕೊಳ್ಳುವಷ್ಟು ಹಸಿಯಾಗಿತ್ತು. “ಕಾಲಡಿಯಲ್ಲಿ ನೀರಿದೆ, ತಲೆ ಬಾಡ್ತಾ ಇದೆ. ಇದೆಂಥ ಬಾಯಾರಿಕೆ ಕಣಯ್ಯ?” ಎಂದು ಅವರು ಕೇಳಿದರು. ಕೊಳೆರೋಗವೆಂದು ಭಾವಿಸಿ ಮೂರು ವಾರಗಳಿಂದ ಶಿಲೀಂಧ್ರನಾಶಕವನ್ನು ಸುರಿಯುತ್ತಿದ್ದರು. ಅದಕ್ಕಾಗಿ ಮಾಡಿದ ಸಾಲ ಬೇರೆ ಇತ್ತು.

ಉತ್ತರ ಹುಡುಕಲು ಪ್ರಯೋಗಶಾಲೆ ಬೇಕಾಗಲಿಲ್ಲ. ಮನೆಯಿಂದ ಒಂದು ಗಾಜಿನ ಲೋಟ ತರಿಸಿ ತಿಳಿನೀರು ತುಂಬಿದೆ. ಬಾಡಿದ ಕಾಂಡವೊಂದನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿ ನೀರಿಗೆ ಮುಳುಗುವಂತೆ ಅಲುಗಿಸದೆ ಹಿಡಿದೆ. ಕೆಲವು ನಿಮಿಷಗಳಲ್ಲಿ ಆ ತುದಿಯಿಂದ ಹಾಲಿನಂತಹ ಬಿಳಿಯ ಎಳೆಯೊಂದು ನೀರಿನೊಳಕ್ಕೆ ಇಳಿಯತೊಡಗಿತು. ಕೊಳೆರೋಗವನ್ನು ತರುವುದು ಪಿಥಿಯಮ್ ಎಂಬ ಬೂಷ್ಟಿನಂತಹ ಜೀವಿ. ಆ ರೋಗದಲ್ಲಿ ಈ ಎಳೆ ಕಾಣುವುದಿಲ್ಲ. ಇಲ್ಲಿ ಇಳಿಯುತ್ತಿದ್ದದ್ದು ಕೋಟಿಗಟ್ಟಲೆ ಬ್ಯಾಕ್ಟೀರಿಯ, ನಮ್ಮ ಕೃಷಿ ಪುಸ್ತಕಗಳು ದುಂಡಾಣು ಎಂದು ಕರೆಯುವ ಜೀವಿ. ಬೂಷ್ಟಿಗೆಂದು ತಂದ ಔಷಧ ಇದನ್ನು ಮುಟ್ಟುವಂತಿರಲಿಲ್ಲ.

ದುಂಡಾಣುಗಳು ಸಸ್ಯಗಳಿಗೂ ರೋಗ ತರಬಲ್ಲವೆಂಬುದನ್ನು ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಅಮೆರಿಕೆಯ ಥಾಮಸ್ ಬರಿಲ್ 1878ರ ಸುಮಾರಿನಲ್ಲಿ ಪೇರ್ ಮರದ ರೋಗವೊಂದಕ್ಕೆ ಇವೇ ಕಾರಣವೆಂದು ಸಾರಿದರು. ಜರ್ಮನಿಯ ಆಲ್ಫ್ರೆಡ್ ಫಿಷರ್ ಅಂತಹದು ಅಸಂಭವವೆಂದು ವಾದಿಸಿದರು. ಅವರಿಗೆ ಪ್ರಯೋಗಗಳ ಮೂಲಕವೇ ಉತ್ತರ ಕೊಟ್ಟವರು ಅಮೆರಿಕೆಯ ಎರ್ವಿನ್ ಸ್ಮಿತ್. ಟೊಮ್ಯಾಟೊ, ಬದನೆ, ಆಲೂಗಡ್ಡೆಗಳನ್ನು ಬಾಡಿಸುವ ದುಂಡಾಣುವನ್ನು 1896ರಲ್ಲಿ ವರ್ಣಿಸಿದವರೂ ಅವರೇ. ಅದನ್ನು ಇಂದು ರಾಲ್ಸ್ಟೋನಿಯ ಎಂದು ಕರೆಯುತ್ತಾರೆ. ಮಾವನವರ ಶುಂಠಿಯಲ್ಲಿದ್ದದ್ದು ಅದೇ ಬಳಗದ್ದು.

ಇಂತಹ ಒಂದು ಜೀವಿಯ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗ ಮಾತ್ರ. ಬೂಷ್ಟಿನ ಎಳೆಯಂತೆ ಸಿಪ್ಪೆಯನ್ನು ಚುಚ್ಚಿಕೊಂಡು ಒಳನುಗ್ಗುವ ಶಕ್ತಿ ಇದಕ್ಕಿಲ್ಲ. ತೆರೆದ ಬಾಗಿಲನ್ನೇ ಹುಡುಕಬೇಕು: ಎಲೆಯ ಉಸಿರುರಂಧ್ರ, ಗುದ್ದಲಿ ತಗುಲಿದ ಗಾಯ, ಹೊಸ ಬೇರು ಒಡೆದು ಹೊರಬರುವ ಬಿರುಕು, ಬೇರುಗಂಟಿನ ಹುಳು ಕೊರೆದ ತೂತು. ರಾಲ್ಸ್ಟೋನಿಯ ಬೇರಿನ ದಾರಿಯಿಂದ ಒಳಹೊಕ್ಕು, ನೀರನ್ನು ಮೇಲಕ್ಕೆ ಒಯ್ಯುವ ನಾಳಗಳನ್ನು ಸೇರುತ್ತದೆ. ಅಲ್ಲಿ ಅದು ಮೊದಲು ಸದ್ದಿಲ್ಲದೆ ಬೆಳೆಯುತ್ತದೆ. ಪ್ರತಿಯೊಂದು ಕಣವೂ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ. ಅದು ದಟ್ಟವಾದಾಗ ತಾವೀಗ ಬಹುಸಂಖ್ಯಾತರೆಂದು ಅವುಗಳಿಗೆ ತಿಳಿಯುತ್ತದೆ. ಆಗ ಎಲ್ಲವೂ ಒಟ್ಟಾಗಿ ಲೋಳೆಯನ್ನು ಸ್ರವಿಸತೊಡಗುತ್ತವೆ. ಲೋಳೆ ನಾಳಗಳಲ್ಲಿ ಕಟ್ಟಿಕೊಂಡು ನೀರಿನ ದಾರಿ ಮುಚ್ಚಿಹೋಗುತ್ತದೆ. ನೀರಿನ ನಡುವೆ ನಿಂತು ಗಿಡ ಬಾಯಾರಿ ಸಾಯುವುದು ಹೀಗೆ. ಎಲೆ ಬಾಡಿದ್ದು ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಹಾಗಾದರೆ ಗಿಡ ಕೈಕಟ್ಟಿ ನಿಂತಿರುತ್ತದೆಯೆ? ಇಲ್ಲ. ನಮ್ಮ ದೇಹದಲ್ಲಿ ರೋಗಾಣುಗಳನ್ನು ಹುಡುಕಿಕೊಂಡು ರಕ್ತದಲ್ಲಿ ಸುತ್ತುವ ಬಿಳಿಯ ಕಣಗಳಿವೆ. ಗಿಡಕ್ಕೆ ರಕ್ತವೂ ಇಲ್ಲ, ಸುತ್ತುವ ಕಾವಲುಗಾರರೂ ಇಲ್ಲ. ಆದ್ದರಿಂದ ಅದರ ಒಂದೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಕಾಯಬೇಕು. ಕೋಶದ ಹೊರಮೈಯಲ್ಲಿರುವ ಕೆಲವು ಪ್ರೋಟೀನುಗಳು ದುಂಡಾಣುವಿನ ಈಜುಬಾಲದಂತಹ ಅಂಗಗಳ ಚೂರನ್ನು ಮುಟ್ಟಿ ಗುರುತಿಸುತ್ತವೆ. ಗುರುತು ಸಿಕ್ಕೊಡನೆ ಉಸಿರುರಂಧ್ರಗಳು ಮುಚ್ಚಿಕೊಳ್ಳುತ್ತವೆಂದು 2006ರಲ್ಲಿ ತೋರಿಸಲಾಯಿತು. ಮುಚ್ಚಿದ ರಂಧ್ರವನ್ನು ಮತ್ತೆ ತೆರೆಸುವ ರಾಸಾಯನಿಕವನ್ನು ಕೆಲವು ದುಂಡಾಣುಗಳು ತಯಾರಿಸುವುದೂ ಅದೇ ಅಧ್ಯಯನದಲ್ಲಿ ಕಂಡುಬಂದಿತು. ರಾಲ್ಸ್ಟೋನಿಯದ ಈಜುಬಾಲವಂತೂ ಎಷ್ಟೋ ಸಸ್ಯಗಳ ಕಾವಲಿಗೆ ಗುರುತೇ ಸಿಗದಂತೆ ಮಾರ್ಪಟ್ಟಿದೆ. ಅದಲ್ಲದೆ ಇಂತಹ ದುಂಡಾಣುಗಳು ಸೂಜಿಯಂತಹ ಒಂದು ಕೊಳವೆಯಿಂದ ತಮ್ಮ ಪ್ರೋಟೀನುಗಳನ್ನು ಕೋಶದೊಳಕ್ಕೆ ಚುಚ್ಚಿ ಕಾವಲಿಗೆ ಮಂಕು ಕವಿಸುತ್ತವೆ. ಕೋಶದ ಒಳಗೂ ಕಾವಲುಗಾರರಿದ್ದು ಆ ಕೈಚಳಕವನ್ನು ಹಿಡಿದರೆ ಮಾತ್ರ ಗಿಡ ಗೆಲ್ಲುತ್ತದೆ.

ಆ ಗೆಲುವು ಹೇಗಿರುತ್ತದೆಂಬುದನ್ನು ಜಗತ್ತಿಗೆ ಕಲಿಸಿದ್ದು ಹುಣಸೂರು ಸೀಮೆಯ ಮನೆಮನೆಗೂ ಪರಿಚಿತವಾದ ಹೊಗೆಸೊಪ್ಪು. ಹಂಗೆರಿಯ ಕ್ಲೆಮೆಂಟ್ ಎಂಬ ವಿಜ್ಞಾನಿ 1963ರಲ್ಲಿ ಪ್ರಕಟಿಸಿದ ಪ್ರಯೋಗವಿದು. ಬೇರೆ ಸಸ್ಯಗಳಿಗೆ ರೋಗ ತರುವ ದುಂಡಾಣುಗಳನ್ನು ಅವರು ಹೊಗೆಸೊಪ್ಪಿನ ಎಲೆಗೆ ಸೂಜಿಯಿಂದ ಸೇರಿಸಿದರು. ಒಂದು ದಿನದೊಳಗಾಗಿ ಚುಚ್ಚಿದ ಜಾಗವಷ್ಟೇ ಕುಸಿದು ಒಣಗಿಹೋಯಿತು. ಸುತ್ತಲಿನ ಎಲೆ ಹಸಿರಾಗಿಯೇ ಉಳಿಯಿತು. ಶತ್ರುವನ್ನು ಗುರುತಿಸಿದ ಕೋಶಗಳು ತಾವಾಗಿಯೇ ಸತ್ತು ಅವನನ್ನು ಅಲ್ಲಿಯೇ ಸೆರೆಹಾಕಿದ್ದವು. ಹೊಗೆಸೊಪ್ಪಿಗೇ ಒಗ್ಗಿದ ರೋಗಾಣುವನ್ನು ಚುಚ್ಚಿದಾಗ ಈ ತ್ವರಿತ ಮರಣ ಕಾಣಲಿಲ್ಲ. ರೋಗ ನಿಧಾನವಾಗಿ ಬೆಳೆಯಿತು. ಅದಕ್ಕೂ ಮೊದಲು, 1961ರಲ್ಲಿ, ಅಮೆರಿಕೆಯ ರಾಸ್ ಎಂಬುವರು ಇದೇ ಗಿಡದಲ್ಲಿ ಇನ್ನೊಂದನ್ನು ಕಂಡಿದ್ದರು. ಕೆಳಗಿನ ಒಂದು ಎಲೆ ವೈರಸ್ಸಿನೊಡನೆ ಹೋರಾಡಿ ಗೆದ್ದರೆ, ಮೇಲಿನ ಎಲೆಗಳೂ ಎಚ್ಚೆತ್ತು ಮುಂದಿನ ದಾಳಿಯನ್ನು ಸುಲಭವಾಗಿ ತಡೆಯುತ್ತವೆ. 1979ರಲ್ಲಿ ಇಂಗ್ಲೆಂಡಿನ ವೈಟ್ ಎಂಬುವರು ಹೊಗೆಸೊಪ್ಪಿಗೆ ಆಸ್ಪಿರಿನ್ ಕೊಟ್ಟು ಅದರ ವೈರಸ್ ನಿರೋಧವನ್ನು ಹೆಚ್ಚಿಸಿದರು. ತಲೆನೋವಿನ ಈ ಮಾತ್ರೆಗೆ ಹತ್ತಿರದ ಸಂಬಂಧಿಯಾದ ಸ್ಯಾಲಿಸಿಲಿಕ್ ಆಮ್ಲ ಗಿಡದೊಳಗಿನ ಎಚ್ಚರಿಕೆಯ ವಾಹಕಗಳಲ್ಲೊಂದೆಂದು ಆಮೇಲೆ ತಿಳಿಯಿತು.

ಹೊಗೆಸೊಪ್ಪೇನೂ ರಾಲ್ಸ್ಟೋನಿಯಕ್ಕೆ ಅಜೇಯವಲ್ಲ. ಅಮೆರಿಕೆಯ ಉತ್ತರ ಕೆರೊಲಿನ ರಾಜ್ಯದ ಗ್ರಾನ್‌ವಿಲ್ ಪ್ರಾಂತದಲ್ಲಿ ಇದೇ ಸೊರಗುರೋಗ ಹೊಗೆಸೊಪ್ಪಿನ ರೈತರನ್ನು ದಶಕಗಳ ಕಾಲ ಹಣ್ಣುಮಾಡಿತು. ಕಡೆಗೆ ಕೊಲಂಬಿಯ ದೇಶದಿಂದ ತಂದ ತಳಿಯೊಂದರಲ್ಲಿ ನಿರೋಧ ಶಕ್ತಿ ಸಿಕ್ಕಿ, ಅದರೊಡನೆ ಸಂಕರಿಸಿದ ‘ಆಕ್ಸ್‌ಫರ್ಡ್ 26’ ಎಂಬ ತಳಿ 1945ರಲ್ಲಿ ಹೊರಬಂದಿತು. ಕೃಷ್ಣರಾಜನಗರದ ಬಯಲಿನ ಬೆಳೆಯಾದ ಭತ್ತಕ್ಕೂ ಇಂತಹ ಭಾಗ್ಯ ಒದಗಿದೆ. ದುಂಡಾಣುವಿನ ಎಲೆ ಅಂಗಮಾರಿ ರೋಗವನ್ನು ಎದುರಿಸುವ ‘ಎಕ್ಸ್ಎ 21’ ಎಂಬ ವಂಶವಾಹಿ ಆಫ್ರಿಕದ ಕಾಡುಭತ್ತದಿಂದ ಬಂದದ್ದು. ನಮ್ಮ ಸಾಂಬ ಮಸೂರಿಗೂ ಅದನ್ನು ತಂದು ಸೇರಿಸಲಾಗಿದೆ.

ಶುಂಠಿಯ ದುಃಖ ಇಲ್ಲಿಯೇ ಇದೆ. ಹೊಗೆಸೊಪ್ಪಿನ ಒಂದು ಗಿಡ ಲಕ್ಷಕ್ಕೂ ಮೀರಿ ಬೀಜ ಬಿಡುತ್ತದೆ. ಶುಂಠಿ ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ. ಗೆಡ್ಡೆಯನ್ನು ಮುರಿದು ನೆಡುವುದೊಂದೇ ದಾರಿ. ಆದ್ದರಿಂದ ಇಂದಿನ ಶುಂಠಿ ನಿನ್ನೆಯ ಶುಂಠಿಯದೇ ತುಂಡು. ಸಂಕರಕ್ಕೆ ಅವಕಾಶವಿಲ್ಲದ ಕಡೆ ಹೊಸ ಕಾವಲುಗಾರ ಹುಟ್ಟುವುದು ಬಲು ಕಷ್ಟ. ಅದರ ದೂರದ ನಂಟನಾದ ಮಾವಿನಶುಂಠಿ ಈ ರೋಗವನ್ನು ತಡೆದು ನಿಲ್ಲುತ್ತದೆಂದು ವಿಜ್ಞಾನಿಗಳು ಕಂಡಿದ್ದಾರೆ. ಆದರೆ ಆ ಶಕ್ತಿಯನ್ನು ಹೊಲದ ಶುಂಠಿಗೆ ದಾಟಿಸುವುದು ಮದುವೆ ಮಾಡಿಸಿದಷ್ಟು ಸುಲಭವಲ್ಲ. ಸಾಲದ್ದಕ್ಕೆ, ಮೇಲೆ ಲಕ್ಷಣವಾಗಿ ಕಾಣುವ ಬಿತ್ತನೆಗೆಡ್ಡೆಯ ಒಳಗೇ ರೋಗಾಣು ಅಡಗಿ ಕುಳಿತು ಊರಿಂದೂರಿಗೆ ಪ್ರಯಾಣ ಮಾಡುತ್ತದೆ. ಮಾವನವರು ಹಾಕಿದ್ದೂ ವ್ಯಾಪಾರಿಯೊಬ್ಬನಿಂದ ಕೊಂಡುತಂದ ಗೆಡ್ಡೆಯೇ.

ಗಿಡದಲ್ಲಿ ಇಲ್ಲದ ಕಾವಲನ್ನು ಆಗ ಹೊಲದ ಒಡೆಯನೇ ವಹಿಸಬೇಕಾಗುತ್ತದೆ. ಹೊಗೆಸೊಪ್ಪಿನ ಎಲೆ ಮಾಡಿದ್ದನ್ನೇ ನಾವೂ ಮಾಡಬೇಕು: ಬೇಗ ಗುರುತಿಸಬೇಕು, ಸ್ವಲ್ಪವನ್ನು ಕಳೆದುಕೊಂಡು ಉಳಿದುದನ್ನು ಉಳಿಸಿಕೊಳ್ಳಬೇಕು. ಮಾವನವರಿಗೆ ಇದು ಒಪ್ಪಿಗೆಯಾಗಲು ಎರಡು ದಿನ ಹಿಡಿಯಿತು. ಕೈಯಾರೆ ನೆಟ್ಟ, ಇನ್ನೂ ಅರೆಹಸಿರಾಗಿರುವ ಬುಡವನ್ನು ಕೀಳುವುದು ಯಾವ ರೈತನಿಗೂ ಸುಲಭವಲ್ಲ. ಕಡೆಗೆ ಬಾಡಿದ ಬುಡಗಳನ್ನೂ ಅವುಗಳ ಅಕ್ಕಪಕ್ಕದ ಸಾಲನ್ನೂ ಮಣ್ಣುಸಮೇತ ಅಗೆದು, ನೆಲದ ಮೇಲೆ ಎಳೆಯದೆ ಚೀಲದಲ್ಲಿ ತುಂಬಿ ಹೊಲದಾಚೆಗೆ ಒಯ್ದೆವು. ಆ ಮಡಿಯಿಂದ ಕೆಳಗಿನ ಮಡಿಗಳಿಗೆ ನೀರು ಹರಿಯದಂತೆ ಬಸಿಗಾಲುವೆಯನ್ನು ತಿರುಗಿಸಿದೆವು. ಗುದ್ದಲಿಗಳನ್ನು ತೊಳೆದೇ ಮುಂದಿನ ಮಡಿಗೆ ಕಾಲಿಟ್ಟೆವು.

ಎಲ್ಲವೂ ಉಳಿಯಿತೆಂದು ಹೇಳಲಾರೆ. ಕೆಳಗಿನ ಅರ್ಧ ಹೊಲ ಹೋಯಿತು, ಮೇಲಿನ ಅರ್ಧ ನಿಂತಿತು. ಆ ವರ್ಷದ ಸಾಲ ತೀರಲು ಮತ್ತೆರಡು ವರ್ಷ ಬೇಕಾಯಿತು. ಉಳಿದ ಶುಂಠಿಯಿಂದ ಬಿತ್ತನೆಗೆಂದು ಒಂದು ಗೆಡ್ಡೆಯನ್ನೂ ಇಟ್ಟುಕೊಳ್ಳಬಾರದೆಂದು ನಾನು ಹೇಳಿದೆ, ಅವರು ಇಟ್ಟುಕೊಳ್ಳಲಿಲ್ಲ. ಆ ನೆಲದಲ್ಲಿ ಟೊಮ್ಯಾಟೊ, ಮೆಣಸಿನಕಾಯಿಗಳನ್ನೂ ಹಾಕದೆ ಮರಳಿ ರಾಗಿ ಬಿತ್ತಿದರು.

ಈಗ ಮಾವನವರ ಪಂಪುಮನೆಯ ಗೂಡಿನಲ್ಲಿ ಒಂದು ಗಾಜಿನ ಲೋಟವಿದೆ. ಮಳೆಗಾಲದಲ್ಲಿ ಅಕ್ಕಪಕ್ಕದ ಹೊಲದವರು, ಔಷಧದ ಅಂಗಡಿಗೆ ಹೋಗುವ ಮೊದಲು, ಬಂದು ಅದನ್ನು ಕೇಳಿ ಒಯ್ಯುತ್ತಾರೆ.