ತೊಗರಿ ಕಾಳಿನ ಗಿಲಕಿ

ಕೈಗೆ ಹಿಡಿಯುವಷ್ಟು ಚಿಕ್ಕ ಪ್ಲಾಸ್ಟಿಕ್ ಬಾಟಲಿಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಒಳಗೆ ಕಾಲು ಭಾಗ ತೊಗರಿ ಕಾಳು. ತುಂಬ ಹಾಕಿದರೆ ಸದ್ದೇ ಬರುವುದಿಲ್ಲ. ಮುಚ್ಚಳದ ಸುತ್ತ ಅಂಟು, ಅದರ ಮೇಲೆ ಬಿಗಿಯಾಗಿ ಸುತ್ತಿದ ದಾರ, ದಾರದ ಮೇಲೆ ಮತ್ತೆ ಅಂಟು. ಒಂದು ರಾತ್ರಿ ಒಣಗಿದ ಮೇಲೆ ನೆಲಕ್ಕೆ ಜೋರಾಗಿ ನಾಲ್ಕು ಸಲ ಬಡಿದು ನೋಡಬೇಕು. ಮುಚ್ಚಳ ಅಲ್ಲಾಡಿದರೂ ಸಾಕು, ಆ ಗಿಲಕಿ ಕಸದ ಬುಟ್ಟಿಗೆ. ಕಾಳು ಮಗುವಿನ ಉಸಿರುನಾಳಕ್ಕೆ ಹೋದರೆ ಮುಗಿಯಿತಲ್ಲ.

ಇದನ್ನು ನನಗೆ ಮಾಡಿ ತೋರಿಸಿದವರು ಕಲಬುರಗಿಯ ಮಕ್ಕಳ ವಾರ್ಡಿನ ಒಬ್ಬ ಸಿಸ್ಟರ್. ಊರು ಕಮಲಾಪುರ. ಹುಮನಾಬಾದ್ ರಸ್ತೆಯಲ್ಲಿ ಬಸ್ಸು ನಿಂತರೆ ಕಿಟಕಿಗೇ ಕೆಂಪು ಬಾಳೆಹಣ್ಣು ಬರುತ್ತದಲ್ಲ, ಅದೇ ಕಮಲಾಪುರ. ದಿನಾ ಅಲ್ಲಿಂದಲೇ ಓಡಾಟ. "ಗುತ್ತಿಗಿ ನೌಕರಿ ಅದ ರೀ, ಹೆಸರು ಬ್ಯಾಡ" ಎಂದರು. ಆಸ್ಪತ್ರೆಯ ಹೆಸರನ್ನೂ ಅದಕ್ಕೇ ಬಿಟ್ಟಿದ್ದೇನೆ.

ನಾನು ಹೋದದ್ದು ಗಿಲಕಿಗಾಗಿ ಅಲ್ಲ, ಅವರ ಗೊಂಬೆಗಾಗಿ. ಹಳೆಯ ಸಾಕ್ಸಿಗೆ ಹತ್ತಿ ತುಂಬಿ, ಗುಂಡಿಯ ಬದಲು ದಾರದಲ್ಲೇ ಕಣ್ಣು ಹೊಲಿದ ಗೊಂಬೆ. ಎಡಗೈಗೆ ಬಿಳಿ ಟೇಪು, ಟೇಪಿನ ಕೆಳಗೆ ಸೂಜಿ ತೆಗೆದ ಕ್ಯಾನುಲಾದ ಮೆತ್ತನೆಯ ಕೊಳವೆ. ಸಲೈನ್ ಹಚ್ಚಬೇಕಾದ ಮಗುವಿನ ಕೈಗೆ ಮೊದಲು ಈ ಗೊಂಬೆ ಬರುತ್ತದೆ. ಮಗು ಅದರ ಟೇಪು ಕೀಳುತ್ತದೆ, ಮತ್ತೆ ಹಚ್ಚುತ್ತದೆ, ಖಾಲಿ ಸಿರಿಂಜಿನಿಂದ ಔಷಧ ಹಾಕುತ್ತದೆ, ಕೆಲವು ಮಕ್ಕಳು ಗೊಂಬೆಗೆ ಬೈಯುವುದೂ ಉಂಟು. ಹತ್ತು ನಿಮಿಷ ಹಾಗೇ ಬಿಡುತ್ತಾರೆ.

ನಮ್ಮ ಮಕ್ಕಳು ಆಸ್ಪತ್ರೆಗೆ ಹೆದರಿಯೇ ಬರುತ್ತಾರೆ. ಹೆದರಿಸಿದವರು ನಾವೇ. "ಉಣ್ಣಲಿಲ್ಲಂದ್ರ ಡಾಕ್ಟರ್ ಕಡಿಂದ ಸೂಜಿ ಹಾಕಸ್ತೀನಿ ನೋಡು" ಎಂದು ಗದರದ ಮನೆ ಈ ಕಡೆ ಯಾವುದಿದೆ? ಆಮೇಲೆ ನಿಜವಾಗಿಯೂ ಸೂಜಿ ಹಾಕುವ ದಿನ ಬಂದಾಗ "ಏನೂ ಆಗಂಗಿಲ್ಲ" ಎನ್ನುತ್ತೇವೆ. ಸಿಸ್ಟರ್ ಈ ಮಾತನ್ನು ಯಾರ ಬಾಯಿಂದಲೂ ಬರಗೊಡುವುದಿಲ್ಲ. ಅವರು ಹೇಳುವುದು ಇಷ್ಟು: "ಇರುವಿ ಕಡದಂಗ ಆಗ್ತದ. ಅಳು ಬಂದ್ರ ಅಳು. ಕೈ ಒಂದು ಅಲ್ಲಾಡಸಬ್ಯಾಡ." ಮಗುವನ್ನು ಮಂಚದ ಮೇಲೆ ಅಂಗಾತ ಕೆಡವಿ ಮೂರು ಮಂದಿ ಒತ್ತಿ ಹಿಡಿಯುವ ರೂಢಿಯೂ ಅವರಲ್ಲಿಲ್ಲ. ತಾಯಿ ಕುರ್ಚಿಯ ಮೇಲೆ ಕೂರಬೇಕು. ಮಗು ತಾಯಿಯ ಎದೆಗೆ ಎದೆ ಕೊಟ್ಟು, ಎರಡೂ ಕಾಲು ಅವಳ ಸೊಂಟದ ಅತ್ತಿತ್ತ ಹಾಕಿ ಕೂರಬೇಕು. ಒಂದು ಕೈ ಮಾತ್ರ ತಾಯಿಯ ಕಂಕುಳ ಕೆಳಗಿನಿಂದ ಹಿಂದಕ್ಕೆ ಚಾಚಿರುತ್ತದೆ, ನರ್ಸ್ ಕೆಲಸ ಮಾಡುವುದು ಆ ಕೈಯಲ್ಲಿ. ತಾಯಿಯ ಹೆಗಲ ಮೇಲಿನಿಂದ ನೋಡುವ ಮಗುವಿನ ಮುಂದೆ ಇನ್ನೊಬ್ಬರು ಸೋಪಿನ ಗುಳ್ಳೆಯ ಕಡ್ಡಿ ಹಿಡಿದು ನಿಂತಿರುತ್ತಾರೆ. ಗುಳ್ಳೆ ಊದಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಬೇಕು, ಉಸಿರು ಉದ್ದವಾದರೆ ಬಿಗಿದ ಮೈ ತಾನಾಗಿ ಸಡಿಲ. ಆ ಹೊತ್ತಿನಲ್ಲಿ ಒಬ್ಬರೇ ಮಾತಾಡಬೇಕು. ಅಜ್ಜಿ, ಸೋದರಮಾವ, ಪಕ್ಕದ ಮಂಚದವರು ಎಲ್ಲರೂ ಸುಮ್ಮನಿರಬೇಕು. ಇದೇ ಎಲ್ಲಕ್ಕಿಂತ ಕಷ್ಟದ ಭಾಗ ಎಂದು ನಕ್ಕರು.

ಅಷ್ಟಾದರೂ ಮಗು ಅಳುತ್ತದೆ. ನಾನು ನೋಡಿದ ನಾಲ್ಕು ವರ್ಷದ ಹುಡುಗ ಕೂಗಿದ್ದು ವರಾಂಡದ ತನಕ ಕೇಳಿಸಿತು. ಆದರೆ ಮೊದಲ ಸಲಕ್ಕೇ ನರ ಸಿಕ್ಕಿತು, ಎರಡನೆಯ ಚುಚ್ಚು ಬೇಕಾಗಲಿಲ್ಲ.

ಸಿಸ್ಟರ್ ಇದನ್ನೆಲ್ಲ ನೋಡಿ, ಕೇಳಿ, ಮಾಡಿ ಕಲಿತವರು. ಬೇರೆ ದೇಶಗಳಲ್ಲಿ ಇದು ಓದಿ ಪರೀಕ್ಷೆ ಕೊಟ್ಟು ಪಡೆಯುವ ವೃತ್ತಿ. ಅಮೆರಿಕದಲ್ಲಿ ಹೆಸರು ಚೈಲ್ಡ್ ಲೈಫ್ ಸ್ಪೆಷಲಿಸ್ಟ್, ಇಂಗ್ಲೆಂಡಿನಲ್ಲಿ ಪ್ಲೇ ಸ್ಪೆಷಲಿಸ್ಟ್. ವಿಯೆನ್ನಾದಿಂದ ಬಂದ ಮಾಂಟೆಸೊರಿ ಶಿಕ್ಷಕಿ ಎಮ್ಮಾ ಪ್ಲಾಂಕ್ 1955ರಲ್ಲಿ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯಲ್ಲಿ ಶುರು ಮಾಡಿದ ಕೆಲಸ ಇವತ್ತು ಪದವಿ, 600 ಗಂಟೆಗಳ ವಾರ್ಡ್ ತರಬೇತಿ, ಅದರ ಮೇಲೊಂದು ಪರೀಕ್ಷೆ ಎನ್ನುವ ಮಟ್ಟಕ್ಕೆ ಬಂದಿದೆ. ಮಕ್ಕಳ ಬೆಳವಣಿಗೆ, ಆಟ, ಸಾವು ಮತ್ತು ದುಃಖ, ಮನೆಮಂದಿಯೊಂದಿಗೆ ಮಾತು, ಇವೆಲ್ಲ ಅದರ ಪಾಠಗಳು. ಈ ಸ್ಪೆಷಲಿಸ್ಟರು ಔಷಧ ಕೊಡುವಂತಿಲ್ಲ, ಸೂಜಿ ಹಾಕುವಂತಿಲ್ಲ. ನೋವು ಕೊಡುವ ಕೈಯೂ ಆಡಿಸುವ ಕೈಯೂ ಒಂದೇ ಆಗಬಾರದು ಎನ್ನುವುದು ಅಲ್ಲಿನ ಲೆಕ್ಕ. ನಮ್ಮ ಸಿಸ್ಟರಿಗೆ ಆ ಐಷಾರಾಮ ಎಲ್ಲಿಂದ ಬರಬೇಕು! ಗೊಂಬೆ ಕೊಡುವವರೂ ಅವರೇ, ಮರುಗಳಿಗೆ ಸೂಜಿ ಹಿಡಿಯುವವರೂ ಅವರೇ.

ಆದರೆ ಒಂದು ವಿಷಯದಲ್ಲಿ ಆ ದೇಶದವರೇ ನಮ್ಮಿಂದ ಕಲಿಯಬೇಕಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ಒಂದು ಕಾಲದಲ್ಲಿ ತಂದೆತಾಯಿಗಳನ್ನು ವಾರ್ಡಿನ ಹೊರಗೇ ಇಡುತ್ತಿದ್ದವು. ಒಂಟಿಯಾಗಿ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯ ಕುರಿತು ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಸಿನಿಮಾ ತೆಗೆದು ತೋರಿಸಬೇಕಾಯಿತು. ತಾಯಿಗೂ ಒಳಗೆ ಜಾಗ ಕೊಡಿ ಎಂದು ಪ್ಲಾಟ್ ಸಮಿತಿ 1959ರಲ್ಲಿ ವರದಿ ಬರೆಯಬೇಕಾಯಿತು. ಕಲಬುರಗಿಯ ವಾರ್ಡಿನಲ್ಲಿ ತಾಯಿಯನ್ನು ಹೊರಗೆ ಕಳಿಸಿ ನೋಡಿ! ಚಾದರ, ರೊಟ್ಟಿ ಬುತ್ತಿ, ಶೇಂಗಾ ಹಿಂಡಿ, ಜೊತೆಗೆ ಅಜ್ಜಿ, ಎಲ್ಲವೂ ಮಗುವಿನೊಂದಿಗೇ ದಾಖಲಾಗುತ್ತವೆ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಮಾತ್ರ ಅವರ ಆಟ ನಡೆಯುವುದಿಲ್ಲ.

ಗಿಲಕಿಯ ಕತೆ ಬೇರೆ. ಅದಕ್ಕೆ ಸರ್ಕಾರದ ಪುಸ್ತಕದಲ್ಲೇ ಜಾಗವಿದೆ. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು, ಅಂದರೆ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇರುವಂಥವರನ್ನು, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇಂಥವರ ಚಿಕಿತ್ಸೆಗೆ ಹತ್ತು ಹೆಜ್ಜೆ ಹಾಕಿಕೊಟ್ಟಿದೆ. ರಕ್ತದ ಸಕ್ಕರೆ ಅಂಶ ಕುಸಿಯದಂತೆ, ಮೈ ತಣ್ಣಗಾಗದಂತೆ ನೋಡುವುದರಿಂದ ಹಿಡಿದು ಹಾಲು, ಸಕ್ಕರೆ, ಎಣ್ಣೆ ಬೆರೆಸಿದ ಆಹಾರದ ತನಕ ಎಂಟು ಹೆಜ್ಜೆ ಮೈಯದು. ಒಂಬತ್ತನೆಯದು ಆಟ: ದಿನಕ್ಕೆ 15ರಿಂದ 30 ನಿಮಿಷ. ಇದರ ಬೇರು ಇರುವುದು ಜಮೈಕಾದಲ್ಲಿ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಅಲ್ಲಿ ಅಪೌಷ್ಟಿಕ ಮಕ್ಕಳಿಗೆ ಆಸ್ಪತ್ರೆಯಲ್ಲೇ ಆಟ ಆಡಿಸಿ, ಮನೆಗೆ ಹೋದ ಮೇಲೂ ಬಿಡದೆ ಆಡಿಸಿದರು. ಬರೀ ಊಟ, ಔಷಧ ಸಿಕ್ಕ ಮಕ್ಕಳಿಗಿಂತ ಆ ಮಕ್ಕಳು ಬುದ್ಧಿಯಲ್ಲಿ ಮುಂದೆ ಬಂದರು. ಕೇಂದ್ರ ಸರ್ಕಾರ 2011ರಲ್ಲಿ ಈ ಕೇಂದ್ರಗಳಿಗೆ ಮಾರ್ಗಸೂಚಿ ತಂದಾಗ ಆಟವೂ ಒಳಗೆ ಬಂತು. ಸಿಬ್ಬಂದಿಯ ಪಟ್ಟಿಯಲ್ಲಿ ವೈದ್ಯಾಧಿಕಾರಿ, ನರ್ಸ್, ಪೋಷಣೆಯ ಸಲಹೆಗಾರರು, ಅಡುಗೆಯವರು, ಸಮಾಜ ಕಾರ್ಯಕರ್ತರು, ಕಸ ಗುಡಿಸುವವರು ಎಲ್ಲರೂ ಇದ್ದಾರೆ. ಆಡಿಸುವವರೊಬ್ಬರು ಇಲ್ಲ.

ತೀವ್ರ ಅಪೌಷ್ಟಿಕತೆಯ ಮಗು ಎಷ್ಟೋ ಸಲ ಅಳುವುದೂ ಇಲ್ಲ, ನಗುವುದೂ ಇಲ್ಲ. ಗಿಲಕಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಮೊದಮೊದಲು ಕತ್ತು ಕೂಡ ತಿರುಗುವುದಿಲ್ಲ. ತಾಯಿಗೋ ಬೇಸರ, ಕೂಲಿ ಬಿಟ್ಟು ಬಂದಿರುತ್ತಾಳೆ, ಮನೆಯಲ್ಲಿ ಇನ್ನೆರಡು ಮಕ್ಕಳು. ಕಮಲಾಪುರದ ಸುತ್ತ ತಾಂಡಾಗಳು ಬಹಳ. ಲಂಬಾಣಿ ಮಕ್ಕಳಿಗೆ ಆಸ್ಪತ್ರೆಯ ಕನ್ನಡವೇ ಅರ್ಧ ಭಯ. ಸಿಸ್ಟರ್ ವಾರ್ಡಿನಲ್ಲೇ ತಾಯಂದಿರಿಂದ ಒಂದಿಷ್ಟು ಲಂಬಾಣಿ ಕಲಿತಿದ್ದಾರೆ. "ಯಾಡಿ ಇಲ್ಲೇ ಹಾಳ" (ಅಮ್ಮ ಇಲ್ಲೇ ಇದ್ದಾಳೆ) ಎಂದು ಅರ್ಧ ಅವರ ಭಾಷೆ, ಅರ್ಧ ತಮ್ಮದು ಸೇರಿಸಿ ಮಾತಾಡುತ್ತಾರೆ. ದಖನಿ ಉರ್ದು ಹೇಗೂ ಬರುತ್ತದೆ. ಕಲಬುರಗಿಯಲ್ಲಿ ಈ ಕೆಲಸಕ್ಕೆ ತರಬೇತಿ ಅಂತ ಒಂದು ಹುಟ್ಟಿದರೆ ಮೊದಲ ಪಾಠ ಮಗುವಿನ ಮನೆಮಾತೇ ಇರಬೇಕು. ಯಾವ ವಿದೇಶಿ ಪಠ್ಯಕ್ರಮದಲ್ಲೂ ಇದು ಸಿಗುವುದಿಲ್ಲ.

ಇಂಥ ತರಬೇತಿ ಹುಟ್ಟಲು ಅಡ್ಡಿಯೇನು ಎಂದು ಕೇಳಿದರೆ ಹಣವೊಂದೇ ಅಲ್ಲ. ಕಲಬುರಗಿಯ ರಾಂಪುರೆ ವೈದ್ಯಕೀಯ ಕಾಲೇಜು 1963ರದು. ಈಗ ಜಿಮ್ಸ್, ಇಎಸ್‌ಐ, ಕೆಬಿಎನ್ ಎಂಬ ವೈದ್ಯಕೀಯ ಕಾಲೇಜುಗಳೂ ಇವೆ. ಹತ್ತಿರದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರವೂ ಇದೆ, ಸಮಾಜಕಾರ್ಯವೂ ಇದೆ. ಹಾಸಿಗೆ ಒಂದು ಕಡೆ, ಪಾಠ ಇನ್ನೊಂದು ಕಡೆ. ನಡುವೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸೊಂದು ನಡೆಸಲು ಹೊಸ ಕಟ್ಟಡ ಬೇಕಿಲ್ಲ. ಆದರೆ ಹುದ್ದೆಯೇ ಇಲ್ಲದ ಕೋರ್ಸಿಗೆ ಯಾರು ಸೇರುತ್ತಾರೆ, ಕಲಿತವರೇ ಇಲ್ಲದಿದ್ದರೆ ಹುದ್ದೆ ಯಾರು ಮಂಜೂರು ಮಾಡುತ್ತಾರೆ?

ಸದ್ಯಕ್ಕೆ ಪಾಠ ನಡೆಯುವುದು ಸಿಸ್ಟರ್ ಕುರ್ಚಿಯ ಪಕ್ಕದಲ್ಲಿ. ನರ್ಸಿಂಗ್ ವಿದ್ಯಾರ್ಥಿನಿಯರು ಸ್ವಲ್ಪ ದಿನ ವಾರ್ಡಿಗೆ ಬಂದು, ಮಗುವನ್ನು ತಾಯಿಯ ತೊಡೆಯ ಮೇಲೆ ಕೂರಿಸುವುದನ್ನು ಕಲಿತು, ಪರೀಕ್ಷೆ ಬರೆದು, ಬೆಂಗಳೂರಿಗೋ ಹೈದರಾಬಾದಿಗೋ ಹೋಗಿಬಿಡುತ್ತಾರೆ. ಒಬ್ಬಾಕೆ ಮಾತ್ರ ಹೋಗುವಾಗ ಒಂದು ಗೊಂಬೆ ಕೇಳಿ ಒಯ್ದಳಂತೆ.

ಹೊರಡುವ ಮುಂಚೆ ಅಮೆರಿಕದ ಆ ಪದವಿ, ಪರೀಕ್ಷೆಗಳ ಸುದ್ದಿ ಹೇಳಿದೆ. ಸಿಸ್ಟರ್ ಅಂಟಿನ ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡರು. "ಪರೀಕ್ಷಾ ಕನ್ನಡದಾಗ ಬರೀಬಹುದೇನ್ರಿ?" ಎಂದರು. ಇಲ್ಲ ಎಂದೆ. "ವಯಸ್ಸಿಂದು ಏನರೆ ಅದನೋ?" ಎಂದು ಇನ್ನೊಂದು ಪ್ರಶ್ನೆ ಬಂತು. ಅಷ್ಟರಲ್ಲಿ ಏಳನೇ ಮಂಚದ ಸಲೈನ್ ಮುಗಿದಿದೆ ಎಂದು ಯಾರೋ ಕೂಗಿದರು.