ಮಲಪ್ರಭೆಯ ತಲೆಗಾವಲು

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಬಂದ ಭಕ್ತರಲ್ಲಿ ಹಲವರು ನವಿಲುತೀರ್ಥದ ಅಣೆಕಟ್ಟನ್ನೂ ನೋಡಿಕೊಂಡೇ ಊರಿಗೆ ಮರಳುತ್ತಾರೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ತಡೆದು ಕಟ್ಟಿದ ರೇಣುಕಾಸಾಗರ ಸುಮಾರು 37 ಟಿಎಂಸಿ ಅಡಿ ನೀರು ಹಿಡಿಯುತ್ತದೆ. ನರಗುಂದ, ನವಲಗುಂದದ ಎರೆಹೊಲಗಳ ಕಾಲುವೆಗೂ ಹುಬ್ಬಳ್ಳಿ–ಧಾರವಾಡದ ನಲ್ಲಿಗೂ ಇದೇ ನೀರು. ಆದರೆ ಸವದತ್ತಿಯ ಮಳೆಯನ್ನೇ ನಂಬಿ ಕೂತರೆ ಈ ಸಾಗರ ತುಂಬುವುದಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿಗೆ ಮೈ ತುಂಬುವುದು ಸಹ್ಯಾದ್ರಿಯ ಕಾಡಿನಲ್ಲಿ. ಆ ಕಾಡನ್ನು ಕಾಯುವವರ ದಿನಚರಿ ಕೆಳಗಿನ ಬಯಲಿನವರಿಗೆ ಗೊತ್ತಿರುವುದು ಕಡಿಮೆ.

ಕಣಕುಂಬಿ, ಜಾಂಬೋಟಿ, ಹೆಮ್ಮಡಗಾ ಸುತ್ತಿನ ಈ ಹಸಿರು ಪಟ್ಟಿಯಲ್ಲೇ ಭೀಮಗಡ ವನ್ಯಜೀವಿಧಾಮವಿದೆ. 2011ರ ಡಿಸೆಂಬರಿನಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಒಂದು ಮಗ್ಗುಲಿಗೆ ಗೋವಾದ ಮಹದಾಯಿ ಅಭಯಾರಣ್ಯ, ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಹುಲಿ, ಚಿರತೆ, ಕಾಡುಕೋಣ, ಕರಡಿ, ಸೀಳುನಾಯಿ, ಕಾಳಿಂಗ ಸರ್ಪಗಳಿಗೆ ರಾಜ್ಯದ ಗಡಿಯ ಹಂಗಿಲ್ಲ. ಕಾಯುವವರಿಗೆ ಮಾತ್ರ ಗಡಿಯೂ ಇದೆ, ಲೆಕ್ಕವೂ ಇದೆ.

ಆ ಲೆಕ್ಕ ಹೀಗೆ: ಕಾಡನ್ನು ವಲಯಗಳಾಗಿ, ವಲಯವನ್ನು ಶಾಖೆಗಳಾಗಿ, ಶಾಖೆಯನ್ನು ಬೀಟುಗಳಾಗಿ ಹಂಚಿರುತ್ತಾರೆ. ವಲಯಕ್ಕೆ ವಲಯ ಅರಣ್ಯಾಧಿಕಾರಿ (ಆರ್‌ಎಫ್‌ಓ), ಶಾಖೆಗೆ ಉಪ ವಲಯ ಅರಣ್ಯಾಧಿಕಾರಿ, ಬೀಟಿಗೆ ಗಾರ್ಡ್. ಜನರ ಬಾಯಲ್ಲಿ ಶಾಖೆಯವರು ಇಂದಿಗೂ ‘ಫಾರೆಸ್ಟರ್ ಸಾಹೇಬರು’. ಗಾರ್ಡಿನ ಜೊತೆಗೆ ವಾಚರ್‌ಗಳು. ಇವರಲ್ಲಿ ಬಹಳ ಮಂದಿ ಸುತ್ತಲಿನ ಊರಿನವರು, ದಿನಗೂಲಿ ಅಥವಾ ಗುತ್ತಿಗೆಯವರು. ಈಗೀಗ ಗಾರ್ಡ್ ಹುದ್ದೆಯಲ್ಲಿ ಹೆಣ್ಣುಮಕ್ಕಳೂ ಇದ್ದಾರೆ.

ಕಳ್ಳಬೇಟೆ ತಡೆ ಶಿಬಿರದಲ್ಲಿ ಬೆಳಗು ಬೇಗ ಆಗುತ್ತದೆ. ಅಡುಗೆ ತಾವೇ ಮಾಡಿಕೊಳ್ಳಬೇಕು, ರೇಷನ್ ಕೆಳಗಿನ ಊರಿನಿಂದ ಹೊತ್ತು ತರಬೇಕು. ಚಹಾ ಕುಡಿದು ಹೊರಟರೆ ಆ ದಿನದ ಗಸ್ತಿನ ದಾರಿ ಮೊಬೈಲಿನ ಜಿಪಿಎಸ್‌ನಲ್ಲಿ ದಾಖಲಾಗುತ್ತ ಹೋಗುತ್ತದೆ. ಕಣ್ಣು ಮಾತ್ರ ನೆಲದ ಮೇಲೆ. ಹೊಸ ಹೆಜ್ಜೆ ಯಾವುದು, ನೀರಿನ ದಂಡೆಯಲ್ಲಿ ತಂತಿಯ ಉರುಳು ಬಿದ್ದಿದೆಯೇ, ಕೊಡಲಿ ಏಟಿನ ಗಾಯದಲ್ಲಿ ಇನ್ನೂ ಹಸಿ ಇದೆಯೇ, ರಾತ್ರಿ ಬ್ಯಾಟರಿ ಬೆಳಕು ಕಂಡ ದಿಕ್ಕು ಯಾವುದು ಎಂದು ನೋಡುತ್ತ ನಡೆಯಬೇಕು. ಉರುಳು ಸಿಕ್ಕರೆ ಕಿತ್ತು ಬಿಸಾಡಿದರಾಗಲಿಲ್ಲ. ಪಂಚರ ಮುಂದೆ ಪಂಚನಾಮೆ ಆಗಬೇಕು, ಪ್ರಕರಣ ದಾಖಲಾಗಬೇಕು. 1972ರ ವನ್ಯಜೀವಿ ಕಾಯ್ದೆಯಡಿ ಆರೋಪ ಸಾಬೀತಾಗುವುದು ನ್ಯಾಯಾಲಯದಲ್ಲಿ. ಕಾಡಿನಲ್ಲಿ ಬರೆದ ಕಾಗದ ಸಡಿಲಾಗಿದ್ದರೆ ಹಿಡಿದ ಶ್ರಮವೆಲ್ಲ ನೀರುಪಾಲು. ಹೀಗಾಗಿ ಕಾಲಿನಷ್ಟೇ ಕೈಗೂ ಕೆಲಸ.

ನಾಲ್ಕು ವರ್ಷಕ್ಕೊಮ್ಮೆ ಬರುವ ರಾಷ್ಟ್ರಮಟ್ಟದ ಹುಲಿ ಗಣತಿಯ ಮೊದಲ ಹಂತವೂ ಇದೇ ಕಾಲುಗಳ ಮೇಲೆ ನಿಂತಿದೆ. ಮಾಂಸಾಹಾರಿ ಪ್ರಾಣಿಗಳ ಹೆಜ್ಜೆ, ಹಿಕ್ಕೆ, ಗೀರುಗಳನ್ನು ಹುಡುಕುತ್ತ ಬೀಟಿನಲ್ಲಿ ಮೂರು ದಿನ ಐದೈದು ಕಿಲೋಮೀಟರ್ ನಡಿಗೆ. ಆಮೇಲೆ ಸುಮಾರು ಎರಡು ಕಿಲೋಮೀಟರಿನ ನೇರ ಗೆರೆಯ ಮೇಲೆ ಬೆಳಗಿನ ಜಾವ ಸಾಗಿ ಕಡವೆ, ಕಾಡುಕೋಣಗಳನ್ನು ಎಣಿಸುವುದು. 2022ರ ಗಣತಿ ಕರ್ನಾಟಕಕ್ಕೆ 563 ಹುಲಿಗಳೆಂದು ಹೇಳಿತು. ಪತ್ರಿಕೆಯ ತಲೆಬರಹದಲ್ಲಿ ಆ ಅಂಕಿ ಮಾತ್ರ ಉಳಿಯಿತು.

ಋತು ಬದಲಾದರೆ ಕೆಲಸವೂ ಬದಲು. ಬೇಸಿಗೆಗೆ ಮೊದಲೇ ಒಣ ಹುಲ್ಲು, ತರಗೆಲೆ ಸವರಿ ಸುಟ್ಟು ಬೆಂಕಿರೇಖೆ ಮಾಡಬೇಕು. ಅದನ್ನೂ ದಾಟಿ ಬೆಂಕಿ ಬಂದರೆ ಹಸಿ ಸೊಪ್ಪಿನಿಂದ ಬಡಿಯಬೇಕು, ಇಲ್ಲವೇ ಗಾಳಿ ನೋಡಿಕೊಂಡು ಎದುರು ಬೆಂಕಿ ಕೊಡಬೇಕು. ಗಾಳಿ ತಿರುಗಿದರೆ ಪ್ರಾಣಕ್ಕೇ ಸಂಚಕಾರ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಯೊಡನೆ ಸೆಣಸುತ್ತ ಗಾರ್ಡ್ ಮುರಿಗೆಪ್ಪ ತೀರಿಕೊಂಡರು. ಇಂಥವರನ್ನು ನೆನೆಯಲೆಂದೇ ಸೆಪ್ಟೆಂಬರ್ 11ರಂದು ಅರಣ್ಯ ಹುತಾತ್ಮರ ದಿನ ಆಚರಿಸುತ್ತಾರೆ. ಮಳೆಗಾಲ ಹಿಡಿದರೆ ಭೀಮಗಡದ ಕಥೆಯೇ ಬೇರೆ. ಆಮಗಾಂವ ಸುತ್ತ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಿವೆ. ಹಳ್ಳ ತುಂಬಿದರೆ ದಾರಿ ಬಂದ್, ಬೂಟಿನೊಳಗೆ ಜಿಗಳೆ. ಮಳೆಯ ಮರೆಯಲ್ಲಿ ಮರಗಳ್ಳರಿಗೆ ಅನುಕೂಲ ಹೆಚ್ಚು, ಹಾಗಾಗಿ ಗಸ್ತಿಗೆ ರಜೆಯಿಲ್ಲ.

ಕಾಯಬೇಕಾದದ್ದು ದೊಡ್ಡ ಪ್ರಾಣಿಯನ್ನಷ್ಟೇ ಅಲ್ಲ. ಇಲ್ಲಿಯ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿಗಳಿವೆ. 1913ರಲ್ಲಿ ವಿಜ್ಞಾನಿಗಳು ಮೊದಲು ವಿವರಿಸಿದ ಈ ಬಾವಲಿಗೆ ಬಹುಕಾಲ ಜಗತ್ತಿನಲ್ಲಿ ಗೊತ್ತಿದ್ದ ನೆಲೆ ಇದೊಂದೇ. ಮೇಘಾಲಯ, ಕಾಂಬೋಡಿಯಾಗಳಲ್ಲಿ ಕಂಡದ್ದು ಬಹಳ ಕಾಲದ ಮೇಲೆ. ಗುಹೆಯೊಳಗೆ ಗದ್ದಲ, ಹೊಗೆ ಆದರೆ ಬಾವಲಿಗಳು ನೆಲೆ ಬಿಡಬಹುದು. ಅಲ್ಲಿ ಗಾರ್ಡಿನ ಕೆಲಸ ಎಂದರೆ ಸಾಹಸಪ್ರಿಯರನ್ನು ವಾಪಸ್ ಕಳಿಸುವುದು.

ಇದೆಲ್ಲಕ್ಕಿಂತ ಸೂಕ್ಷ್ಮವಾದದ್ದು ಊರಿನವರೊಡನೆ ಬಾಳುವೆ. ಕಾಡಿನೊಳಗೇ ಹಳ್ಳಿಗಳಿವೆ, ಮಾತು ಬಹುತೇಕ ಮರಾಠಿ, ಕೊಂಕಣಿ. ಬಯಲುಸೀಮೆಯಿಂದ ಬಂದ ಗಾರ್ಡ್ ಮೊದಲು ಆ ಮಾತು ಕಲಿಯಬೇಕು. ಭತ್ತದ ಗದ್ದೆಗೆ ಕಾಡುಕೋಣ ನುಗ್ಗಿದರೆ, ಹೊಲಕ್ಕೆ ಹೋದವರ ಮೇಲೆ ಕರಡಿ ಬಿದ್ದರೆ ಜನ ಬಂದು ನಿಲ್ಲುವುದು ಅವನ ಬಾಗಿಲಿಗೇ. 2014ರ ಕೊನೆಗೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಸೆರೆಸಿಕ್ಕ ಹೆಣ್ಣುಹುಲಿಯನ್ನು ಭೀಮಗಡಕ್ಕೆ ತಂದು ಬಿಟ್ಟರು. ಅದು ಖಾನಾಪುರ ತಾಲ್ಲೂಕಿನ ಹಳ್ಳಿಯ ಹೆಣ್ಣುಮಗಳನ್ನು ಕೊಂದಿತು. ವರ್ಷ ಮುಗಿಯುವುದರೊಳಗೆ ಅದನ್ನು ಗುಂಡಿಟ್ಟು ಕೊಂದರು. ತೀರ್ಮಾನ ಮೇಲಿನವರದ್ದು, ಊರಿನವರಿಗೆ ಮುಖ ತೋರಿಸಬೇಕಾದವರು ಮಾತ್ರ ಬೀಟಿನವರು.

ಇಲ್ಲೇ ವಾಚರ್‌ಗಳ ಬೆಲೆ ತಿಳಿಯುವುದು. ಆರ್‌ಎಫ್‌ಓ ವರ್ಗವಾಗುತ್ತಾರೆ, ಗಾರ್ಡ್ ಬಡ್ತಿ ಪಡೆದು ಹೋಗುತ್ತಾನೆ. ಯಾವ ಹಳ್ಳದಲ್ಲಿ ಏಪ್ರಿಲ್‌ನಲ್ಲೂ ನೀರಿರುತ್ತದೆ, ಕರಡಿ ಮರಿ ಹಾಕುವ ಬಂಡೆ ಯಾವುದು, ಬೇಟೆಗೆ ಹೊರಡುವ ಮನೆ ಯಾವುದು ಎಂಬುದು ಉಳಿಯುವುದು ವಾಚರ್‌ನ ತಲೆಯಲ್ಲಿ. ಇಲಾಖೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ ಅವನಿಗೆ. ನೌಕರಿಯೂ ಕಾಯಂ ಅಲ್ಲ.

2025ರಲ್ಲಿ ಭೀಮಗಡದೊಳಗಿನ ತಳೇವಾಡಿಯ ಕುಟುಂಬಗಳು ತಲಾ 15 ಲಕ್ಷ ರೂಪಾಯಿ ಪರಿಹಾರದ ಯೋಜನೆಯಡಿ ಕಾಡಿನಿಂದ ಹೊರಬರಲು ಒಪ್ಪಿದವು. ರಸ್ತೆ, ಆಸ್ಪತ್ರೆ, ಶಾಲೆ ಬೇಕೆಂಬ ಅವರ ಆಸೆ ನ್ಯಾಯವಾದದ್ದೇ. ಕಾಡಿಗೂ ಅದರಿಂದ ನೆಮ್ಮದಿ. ಆದರೆ ಊರುಗಳು ಹೊರಬಂದಂತೆ ದಾರಿ ಬಲ್ಲವರೂ ಹೊರಬರುತ್ತಾರೆ. ಹೊರಬಂದ ಮನೆಗಳ ಹುಡುಗರನ್ನೇ ಕಾಯಂ ಕಾವಲಿಗೆ ತೆಗೆದುಕೊಂಡರೆ ಆ ತಿಳಿವಳಿಕೆ ಕಾಡಿನ ಕೆಲಸಕ್ಕೆ ಉಳಿದೀತು. ಅಣೆಕಟ್ಟಿನ ಗೇಟು, ಕಾಲುವೆಗಳ ದುರಸ್ತಿಗೆ ಹಣ ಕೇಳುವ ನಮ್ಮ ಭಾಗದ ರೈತ ಸಂಘಟನೆಗಳು ಈ ಬೇಡಿಕೆಯನ್ನೂ ಜೊತೆಗೆ ಎತ್ತಿದರೆ ತಪ್ಪಿಲ್ಲ. ಅದೂ ನೀರಾವರಿಯ ಕೆಲಸವೇ.