ತರಗೆಲೆ ತಳ್ಳುವ ಯಂತ್ರ

ಮಳೆಗಾಲದಲ್ಲಿ ಬಟ್ಟೆಯೂ ಒಣಗದ ಕೊಡಗಿನಲ್ಲಿ ಕಾಡ್ಗಿಚ್ಚು ಏಳುತ್ತದೆಯೇ ಎಂದು ಹೊರಗಿನವರು ಕೇಳುತ್ತಾರೆ. ಫೆಬ್ರವರಿಯಲ್ಲಿ ಚೆಟ್ಟಳ್ಳಿಯ ತೋಟಗಳನ್ನು ದಾಟಿ ಮೀನುಕೊಲ್ಲಿ ಕಾಡಿನತ್ತ ಬಂದರೆ ಉತ್ತರ ಕಾಲಡಿಯಲ್ಲೇ ಸದ್ದು ಮಾಡುತ್ತದೆ. ಜಿಲ್ಲೆಯ ಪೂರ್ವದ ಅಂಚಿನ ಈ ಕಾಡುಗಳು ಎಲೆಯುದುರಿಸುವಂಥವು. ಕಾಫಿ ಅರಳಿಸುವ ಹೂಮಳೆ ಬೀಳುವವರೆಗೆ ನೆಲವೆಲ್ಲ ತರಗೆಲೆ.

ತರಗೆಲೆ ತೆಳುವಾದ್ದರಿಂದ ಗಾಳಿಯ ತೇವ ಇಳಿದ ಸುಮಾರು ಒಂದು ಗಂಟೆಯಲ್ಲೇ ತಾನೂ ಒಣಗುತ್ತದೆ. ಬೆಳಿಗ್ಗೆ ಇಬ್ಬನಿಯಲ್ಲಿ ಮೆತ್ತಗಿದ್ದದ್ದು ಮಧ್ಯಾಹ್ನಕ್ಕೆ ಹಿಡಿದರೆ ಪುಡಿಯಾಗುತ್ತದೆ. ಆ ಹೊತ್ತಿಗೆ ಬೆಂಕಿ ಬಿದ್ದು ಗಾಳಿಯೂ ಬೀಸಿತೆಂದರೆ ಜ್ವಾಲೆ ಮುಂದಕ್ಕೆ ಬಾಗಿ, ಇನ್ನೂ ಹೊತ್ತದ ಎಲೆಯನ್ನು ಮೊದಲೇ ಕಾಯಿಸಿಡುತ್ತದೆ. ಗುಡ್ಡ ಹತ್ತುವಾಗಲೂ ಹೀಗೆಯೇ: ಏರು 10 ಡಿಗ್ರಿ ಕಡಿದಾದರೆ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿ.

ಇದನ್ನು ತಡೆಯಲು ಅರಣ್ಯ ಇಲಾಖೆ ಬೇಸಿಗೆಗೆ ಮುಂಚೆ ಬೆಂಕಿರೇಖೆ ತೆಗೆಯುತ್ತದೆ. ಕಾಡಿನ ನಡುವೆ, ರಸ್ತೆಯ ಬದಿಯಲ್ಲಿ ಉದ್ದಕ್ಕೂ ಪಟ್ಟಿಯಂತೆ ನೆಲವನ್ನು ಬರಿದು ಮಾಡುವುದು. ಕಷ್ಟವೆಂದರೆ ಇವತ್ತು ಬರಿದಾದ ಪಟ್ಟಿಯ ಮೇಲೆ ಒಂದೇ ವಾರದಲ್ಲಿ ಮತ್ತೆ ಎಲೆ ಬಿದ್ದಿರುತ್ತದೆ. ಪೊರಕೆ ಹಿಡಿದು ಮೈಲಿಗಟ್ಟಲೆ ಗುಡಿಸುವುದು ಎಷ್ಟು ಸಲ ಸಾಧ್ಯ? ಅಲ್ಲಿ ನೆರವಾಗುವುದು ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್.

ಅದರೊಳಗೆ ಎರಡು ಸ್ಟ್ರೋಕಿನ ಪುಟ್ಟ ಪೆಟ್ರೋಲ್ ಎಂಜಿನ್, ಅದು ತಿರುಗಿಸುವ ಒಂದು ಚಕ್ರ. ಚಕ್ರದ ಬಾಗಿದ ರೆಕ್ಕೆಗಳು ಗಾಳಿಯನ್ನು ಅಂಚಿಗೆ ಎಸೆಯುತ್ತವೆ. ನಡುವಿನಲ್ಲಿ ಒತ್ತಡ ಇಳಿಯುವುದರಿಂದ ಹೊರಗಿನ ಗಾಳಿ ಬಿಡದೆ ಒಳನುಗ್ಗುತ್ತದೆ. ಸುತ್ತಲಿನ ಶಂಖದಾಕಾರದ ಕವಚ ಎಸೆದ ಗಾಳಿಯನ್ನೆಲ್ಲ ಒಟ್ಟುಮಾಡಿ ಕೊಳವೆಗೆ ತಳ್ಳುತ್ತದೆ. ದೊಡ್ಡ ಯಂತ್ರಗಳ ಕೊಳವೆಯ ಬಾಯಲ್ಲಿ ಗಾಳಿಯ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ.

ಮೊಣಕಾಲೆತ್ತರಕ್ಕೂ ಬಾರದ ನೆಲಬೆಂಕಿಯನ್ನು ಇದೇ ಗಾಳಿಯಿಂದ ಆರಿಸಲೂಬಹುದು. ಬೆಂಕಿಗೆ ಗಾಳಿ ಊದಿದರೆ ಉರಿ ಹೆಚ್ಚಬೇಕಲ್ಲವೇ? ಕೊಳವೆ ತಪ್ಪು ದಿಕ್ಕಿಗಿದ್ದರೆ ಹೆಚ್ಚುತ್ತದೆ. ಅನುಭವಿಗಳು ಜ್ವಾಲೆಯ ಬುಡಕ್ಕೇ ಗುರಿಯಿಟ್ಟು, ಉರಿಯುವ ಎಲೆಗಳನ್ನು ಆಗಲೇ ಸುಟ್ಟ ನೆಲದ ಕಡೆಗೆ ತಳ್ಳುತ್ತಾರೆ. ಅಲ್ಲಿ ಸುಡಲು ಏನೂ ಉಳಿದಿರುವುದಿಲ್ಲ. ಹಿಂದೆ ಬರುವವರು ಹಸಿಸೊಪ್ಪಿನಿಂದ ಕಿಡಿ ಬಡಿಯುತ್ತಾರೆ. ಬಿಸಿಲು, ಹೊಗೆ, ಬೆನ್ನ ಮೇಲೆ ಸುಮಾರು 10 ಕಿಲೋ ಭಾರ: ಬೆಂಕಿ ಕಾವಲುಗಾರರ ಈ ದುಡಿಮೆಗೆ ನಾವು ಕೊಡುವ ಗೌರವ ಸಾಲದು.

ಯಂತ್ರಕ್ಕೆ ಮಿತಿಯಿದೆ. ಒಣಗಿದ ಲಂಟಾನ ಪೊದೆ ಹೊತ್ತಿ ಆಳೆತ್ತರ ಉರಿಯುವಾಗ ಬ್ಲೋವರ್ ಹಿಡಿದು ಹತ್ತಿರ ಸುಳಿಯಲಾಗದು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಬೆಂದಾಗ ಗಾಳಿ, ಲಂಟಾನ ಎರಡೂ ಬೆಂಕಿಯ ಕಡೆಗಿದ್ದವು. ಬ್ಲೋವರಿನ ನಿಜವಾದ ಕೆಲಸ ಬೆಂಕಿ ಬೀಳುವ ಮೊದಲಿನದು.

ಕಾಡಂಚಿನ ತೋಟದವರೇ, ಜನವರಿಯಲ್ಲೇ ಬೇಲಿಯ ಉದ್ದಕ್ಕೂ ತರಗೆಲೆಯನ್ನು ಒಳಕ್ಕೆ ಸರಿಸಿ ಗಿಡದ ಬುಡಕ್ಕೆ ಹಾಕಿ. ಮಧ್ಯಾಹ್ನದ ಗಾಳಿಯಲ್ಲಿ ಕಸಕ್ಕೆ ಬೆಂಕಿ ಇಡಬೇಡಿ. ಹೊಗೆ ಕಂಡರೆ ಕಾಯದೆ 112ಕ್ಕೆ ಕರೆ ಮಾಡಿ.